ಪಕ್ಕದ ಕುರ್ಚಿ ಖಾಲಿ ಮಾಡಿಸಿದೆ: ನನ್ನ ಅನುಭವ

ವೃತ್ತಿ ಕೋರ್ಸ್‌ಗಳ ಕಾಲೇಜಿನಲ್ಲಿ ವಿಶೇಷ ಅಗತ್ಯವಿರುವ ವಿದ್ಯಾರ್ಥಿಗಳಿಗೆ ನೆರವಾಗುವ ಕೆಲಸ ನನ್ನದು. ಡಿಸ್ಲೆಕ್ಸಿಯಾ (ಅಕ್ಷರ ಓದುವುದು, ಬರೆಯುವುದು ಕಷ್ಟವಾಗುವ ಸಮಸ್ಯೆ) ಇರುವವರು, ಕಣ್ಣು ಕಾಣದವರು, ಗಮನ ಒಂದು ಕಡೆ ನಿಲ್ಲದವರು ಎಲ್ಲರೂ ಬರುತ್ತಾರೆ. ಒಬ್ಬೊಬ್ಬರ ಪಕ್ಕವೂ ಒಬ್ಬ ಸಹಾಯಕರನ್ನು ಕೂರಿಸುವುದು ಬಿಟ್ಟು, ಆ ದುಡ್ಡನ್ನು ಪಾಠಕ್ಕೆ ಮುಂಚಿನ ತಯಾರಿಗೆ ಹಾಕೋಣ ಅಂದೆ. ಯಾರೂ ಒಪ್ಪಲಿಲ್ಲ. 'ಅರ್ಧ ಜನ ಕಾಲೇಜು ಬಿಡ್ತಾರೆ' ಅಂದರು. ಒಬ್ಬರೂ ಬಿಟ್ಟಿಲ್ಲ.

ಪಕ್ಕದಲ್ಲಿ ಸಹಾಯಕರಿದ್ದರೆ ಏನಾಗುತ್ತೆ ನೋಡಿ. ನೋಟ್ಸ್ ಅವರೇ ಬರೆಯುತ್ತಾರೆ, ಹುಡುಗ ಕೇಳಿಸಿಕೊಳ್ಳೋದು ನಿಲ್ಲಿಸುತ್ತಾನೆ. ಮೇಷ್ಟ್ರು ಪ್ರಶ್ನೆಯನ್ನೂ ಸಹಾಯಕರ ಮುಖ ನೋಡಿಯೇ ಕೇಳುತ್ತಾರೆ. ಬೆಂಚಿನ ಗೆಳೆಯರು ಮಾತಾಡಿಸಲ್ಲ. ನಮ್ಮ ಹಣದಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ಇದಕ್ಕೇ ಹೋಗುತ್ತಿತ್ತು. ಉಳಿದದ್ದನ್ನು ಸ್ಕ್ರೀನ್ ರೀಡರ್, ಅಂದರೆ ಪರದೆ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್‌ನ ಲೈಸೆನ್ಸ್ ನುಂಗುತ್ತಿತ್ತು. ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರ್ 2006ರಿಂದಲೂ ಇದೆ, ಪೂರ್ತಿ ಉಚಿತ. ಅದಕ್ಕೆ ಬದಲಾದ ಮೇಲೆ ಉಳಿದ ಹಣದಲ್ಲಿ ನೋಟ್ಸ್ ಸರಿಮಾಡಲು ಒಬ್ಬರನ್ನು ಇಟ್ಟುಕೊಂಡೆ.

ಮೊದಲ ತಿಂಗಳುಗಳು ಬರೀ ಸೋಲು. ಸ್ಕ್ಯಾನ್ ಮಾಡಿದ ಪಿಡಿಎಫ್ ಅಂದರೆ ಚಿತ್ರ ತಾನೇ, ರೀಡರ್ ಬಾಯೇ ಬಿಡಲ್ಲ. 300 ಡಿಪಿಐ ಸ್ಪಷ್ಟತೆಯಲ್ಲಿ ಹೊಸದಾಗಿ ಸ್ಕ್ಯಾನ್ ಮಾಡಿ ಒಸಿಆರ್ (ಚಿತ್ರದಲ್ಲಿನ ಅಕ್ಷರವನ್ನು ಗುರುತಿಸಿ ಪಠ್ಯವಾಗಿಸುವ ಸಾಫ್ಟ್‌ವೇರ್) ಹಾಕಿದೆವು. ಎರಡು ಕಾಲಂ ಇದ್ದ ಪುಟದಲ್ಲಿ ಎಡಗಡೆಯ ಸಾಲಿಗೆ ಬಲಗಡೆಯ ಸಾಲು ಅಂಟಿಕೊಂಡಿತು. ಟೇಬಲ್‌ಗಳ ಪಾಡಂತೂ ಕೇಳಲೇಬೇಡಿ. ಕೊನೆಗೆ ಒಸಿಆರ್ ಸಹವಾಸವೇ ಬೇಡ ಅಂತ ಮೇಷ್ಟ್ರುಗಳ ಮೂಲ ವರ್ಡ್ ಫೈಲನ್ನೇ ಕೇಳಿದೆ. ಷರತ್ತು ಎರಡೇ: ಪಾಠಕ್ಕೆ ಎರಡು ದಿನ ಮುಂಚೆ ಕೊಡಬೇಕು, ತಲೆಬರಹವನ್ನು ಸುಮ್ನೆ ಬೋಲ್ಡ್ ಮಾಡದೆ ವರ್ಡ್‌ನಲ್ಲೇ ಇರುವ ಹೆಡಿಂಗ್ ಸ್ಟೈಲ್ ಹಾಕಬೇಕು. ಆಗ ಎನ್‌ವಿಡಿಎಯ ಬ್ರೌಸ್ ಮೋಡ್‌ನಲ್ಲಿ (ಕೀಲಿಗಳಿಂದಲೇ ಫೈಲಿನಲ್ಲಿ ಓಡಾಡುವ ವಿಧಾನ) ಎಚ್ ಕೀ ಒತ್ತುತ್ತಾ ಬೇಕಾದ ಭಾಗಕ್ಕೆ ಹಾರಬಹುದು. ಹಠ ಹಿಡಿದಿದ್ದ ಹಿರಿಯ ಮೇಷ್ಟ್ರುಗಳನ್ನು ಹೇಗೆ ಒಪ್ಪಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಮೊದಲೇ ಓದಿಕೊಂಡು ಬಂದವರು ತರಗತಿಯಲ್ಲಿ ಕೈ ಎತ್ತತೊಡಗಿದರು. ಮೊದಲ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನಾಲ್ವರಲ್ಲಿ ಮೂವರು ವಿದ್ಯಾರ್ಥಿಗಳು ಪಕ್ಕದ ಸಹಾಯಕರನ್ನು ತಾವೇ ಬೇಡ ಅಂದರು. ಬೇರೆ ವಿಭಾಗದವರು ಈಗ ನಮ್ಮ ನೋಟ್ಸ್‌ನ ಟೆಂಪ್ಲೇಟ್ (ಮಾದರಿ ಫೈಲು) ಕೇಳಿಕೊಂಡು ಬರುತ್ತಾರೆ.

ನಡುವೆ ಡಿಸ್ಲೆಕ್ಸಿಯಾ ಇರುವವರಿಗೆ ಬಣ್ಣದ ಹಾಳೆ, ವಿಶೇಷ ಫಾಂಟ್ ಎಲ್ಲವನ್ನೂ ಕೊಟ್ಟು ನೋಡಿದೆ. ಬಣ್ಣ ಹಲವರಿಗೆ ಇಷ್ಟವಾಯಿತು, ಓದಿನ ವೇಗ ಮಾತ್ರ ಅಷ್ಟೇ ಇತ್ತು. ಅಕ್ಷರಗಳ ನಡುವೆ, ಸಾಲುಗಳ ನಡುವೆ ಜಾಸ್ತಿ ಜಾಗ ಬಿಟ್ಟಾಗ ತಪ್ಪು ಓದುವುದು ಕಡಿಮೆಯಾಯಿತು. ಓದುತ್ತಿರುವ ಪದ ಪರದೆ ಮೇಲೆ ಹೊಳೆಯುವ ಹಾಗೆ ಮಾಡಿ ಧ್ವನಿ ಕೇಳಿಸಿದ್ದು ಇನ್ನೂ ಚೆನ್ನಾಗಿ ನಡೆಯಿತು. ಕಣ್ಣು ಕಾಣದ ಹುಡುಗರು ಧ್ವನಿಯನ್ನು ಎರಡು ಪಟ್ಟು ವೇಗದಲ್ಲಿ ಓಡಿಸುತ್ತಾರೆ, ಡಿಸ್ಲೆಕ್ಸಿಯಾ ಇರುವವರಿಗೆ ಅದು ನಿಧಾನವಾಗಿಯೇ ಇರಬೇಕು. ಒಂದೇ ಸೆಟ್ಟಿಂಗ್ ಎಲ್ಲರಿಗೂ ಹಾಕಬೇಡಿ.

ಎಲ್ಲ ಕುರ್ಚಿಯನ್ನೂ ತೆಗೆದಿಲ್ಲ. ವರ್ಕ್‌ಶಾಪ್‌ನಲ್ಲಿ ಲೇತ್ (ಲೋಹವನ್ನು ತಿರುಗಿಸಿ ಕೊರೆಯುವ ಯಂತ್ರ) ಮುಂದೆ ನಿಲ್ಲುವವರಿಗೆ, ಮೂರ್ಛೆರೋಗ ಇರುವವರಿಗೆ ಈಗಲೂ ಜೊತೆಗೊಬ್ಬರು ಇರುತ್ತಾರೆ. ಕಿವಿ ಕೇಳದವರ ಸನ್ನೆ ಭಾಷೆಯ ಇಂಟರ್ಪ್ರಿಟರ್ ಅನ್ನಂತೂ ಖರ್ಚು ಉಳಿಸುವ ಪಟ್ಟಿಗೆ ಸೇರಿಸಲೇಬಾರದು. ಅವರಿಲ್ಲದಿದ್ದರೆ ಪಾಠವೇ ತಲುಪಲ್ಲ, ಅಲ್ವಾ?