ನಾದದ ಕ್ರಮದಲ್ಲಿ ಬೆಸುಗೆ: ವಾದ್ಯ ಕಟ್ಟುವ ಕಾರ್ಯಾಗಾರದ ನನ್ನ ಅನುಭವ

ಸರ್ಕ್ಯೂಟ್ ಬೋರ್ಡಿಗೆ ಬೆಸುಗೆ ಹಾಕುವಾಗ ಗಿಡ್ಡ ಭಾಗಗಳನ್ನು ಮೊದಲು, ಎತ್ತರದವನ್ನು ಕೊನೆಗೆ ಕೂರಿಸಬೇಕೆಂಬುದು ನಮ್ಮೆಲ್ಲರಿಗೂ ರೂಢಿಯಿಂದ ಬಂದ ಪಾಠ. ಒಬ್ಬರೇ ಕೂತು ಕಟ್ಟುವವರಿಗೆ ಅದರಿಂದ ತೊಂದರೆಯೇನಿಲ್ಲ. ಆದರೆ ಹತ್ತು ಹನ್ನೆರಡು ಜನ ಹೊಸಬರಿಂದ ನಾಲ್ಕೈದು ಗಂಟೆಯೊಳಗೆ ಎಲೆಕ್ಟ್ರಾನಿಕ್ ವಾದ್ಯವೊಂದನ್ನು ಕಟ್ಟಿಸಬೇಕಾದ ಕಾರ್ಯಾಗಾರದಲ್ಲಿ ಅದೇ ಕ್ರಮ ಮುಳುವಾಗುತ್ತದೆ, ನಾದ ಹುಟ್ಟುವ ಕ್ರಮದಲ್ಲಿಯೇ, ಹಂತಹಂತಕ್ಕೂ ಬ್ಯಾಟರಿ ಸಿಕ್ಕಿಸಿ ಕೇಳುತ್ತ, ಬೆಸುಗೆ ನಡೆಯಬೇಕು ಎಂದು ನಾನು ಹೇಳಿದಾಗ ಜೊತೆಯ ಬೋಧಕರು ಯಾರೂ ಒಪ್ಪಲಿಲ್ಲ. ಬೋರ್ಡು ಮೇಜಿನ ಮೇಲೆ ಅಲುಗಾಡುತ್ತದೆ ಎಂದರು, ಬ್ಯಾಟರಿ ತೆಗೆಯದೆಯೇ ಬೆಸುಗೆಯ ಐರನ್ ತಾಗಿಸಿ ಚಿಪ್ಪು ಸುಡುತ್ತಾರೆ ಎಂದರು, ಸಮಯವಂತೂ ಸಾಲುವುದೇ ಇಲ್ಲ ಎಂದರು. ಅವರಲ್ಲಿ ಇಬ್ಬರು ಈಚೆಗೆ ನನ್ನ ಬೋರ್ಡಿನ ನಕ್ಷೆಯನ್ನು ಕೇಳಿ ಪಡೆದಿದ್ದಾರೆ.

ಹಳೆಯ ಕ್ರಮದಲ್ಲಿ ನಾವು ಕಟ್ಟಿಸುತ್ತಿದ್ದುದು ಅಮೆರಿಕದ ಎಲೆಕ್ಟ್ರಾನಿಕ್ಸ್ ಲೇಖಕ ಫಾರೆಸ್ಟ್ ಮಿಮ್ಸ್ 1980ರಲ್ಲಿ ಪ್ರಕಟಿಸಿದ, ಈಗ ಅಟಾರಿ ಪಂಕ್ ಕನ್ಸೋಲ್ ಎಂದು ಎಲ್ಲರೂ ಕರೆಯುವ 556 ಟೈಮರ್ ಚಿಪ್ಪಿನ ಮಂಡಲವನ್ನು (ಸರ್ಕ್ಯೂಟನ್ನು). ಮಂಡಲದಲ್ಲಿ ದೋಷವಿಲ್ಲ, ಆದರೆ ಎಲ್ಲ ಭಾಗಗಳೂ ಕೂತ ಮೇಲೆಯೇ ಅದು ಬಾಯಿ ಬಿಡುತ್ತದೆ. ಕೊನೆಯ ಅರ್ಧ ಗಂಟೆಯಲ್ಲಿ ಎಲ್ಲರೂ ಒಟ್ಟಿಗೆ ಬ್ಯಾಟರಿ ಸಿಕ್ಕಿಸುತ್ತಿದ್ದರು, ಮೂರರಲ್ಲಿ ಒಂದಾದರೂ ಬೋರ್ಡು ಮೂಕವಾಗಿರುತ್ತಿತ್ತು, ಎಲ್ಲ ಬೆಸುಗೆಗಳ ನಡುವೆ ಡ್ರೈ ಸೋಲ್ಡರ್ (ಸರಿಯಾಗಿ ಕೂಡದ ಬೆಸುಗೆ) ಎಲ್ಲಿದೆ ಎಂದು ಹುಡುಕಲು ಬೋಧಕನಿಗೆ ಇರುವುದು ಎರಡೇ ಕೈ. ಮೂಕ ಬೋರ್ಡನ್ನು ಹಿಡಿದುಕೊಂಡು ಹೋದವರು ಮತ್ತೆ ಬರುವುದಿಲ್ಲ, ಬೇರೆಯವರನ್ನೂ ಕಳಿಸುವುದಿಲ್ಲ. ಶುಲ್ಕ ಹಿಂತಿರುಗಿಸಿದ ಪ್ರಸಂಗಗಳೂ ಇವೆ. ಇಬ್ಬರಿಗೆ ಹಿಂತಿರುಗಿಸಿದರೆ ಆ ದಿನದ ಲಾಭ ಮುಗಿದಂತೆಯೇ.

ಹೊಸ ಬೋರ್ಡಿಗೆ 40106 ಆರಿಸಿಕೊಂಡೆ. ಒಂದೇ ಚಿಪ್ಪಿನೊಳಗೆ, ಇನ್‌ಪುಟ್ ಏರುವಾಗ ಒಂದು ಮಟ್ಟದಲ್ಲಿ, ಇಳಿಯುವಾಗ ಇನ್ನೊಂದು ಮಟ್ಟದಲ್ಲಿ ಔಟ್‌ಪುಟ್ ಬದಲಿಸುವ ಆರು ಷ್ಮಿಟ್ ಟ್ರಿಗರ್ ಇನ್ವರ್ಟರ್‌ಗಳಿದ್ದು, ಒಂದೊಂದಕ್ಕೂ ಒಂದು ರೆಸಿಸ್ಟರ್, ಒಂದು ಕೆಪ್ಯಾಸಿಟರ್ ಕೊಟ್ಟರೆ ಆರು ಆಸಿಲೇಟರ್, ಅಂದರೆ ನಾದ ಹುಟ್ಟಿಸುವ ಮಂಡಲಗಳು, ಸಿಗುತ್ತವೆ. ಬ್ಯಾಟರಿಯ ತಂತಿ, ಉಲ್ಟಾ ಸಿಕ್ಕಿಸಿದರೂ ಚಿಪ್ಪು ಉಳಿಯಲೆಂದು ಒಂದು ಡಯೋಡ್, ಹದಿನಾಲ್ಕು ಕಾಲಿನ ಸಾಕೆಟ್, ಪಿನ್ 14 ಮತ್ತು 7ರ ನಡುವೆ 0.1 ಮೈಕ್ರೋಫ್ಯಾರಡ್, ನಂತರ ಪಿನ್ 1 ಮತ್ತು 2ರ ನಡುವೆ 100 ಕಿಲೋ ಓಮ್, ಪಿನ್ 1ರಿಂದ ಗ್ರೌಂಡಿಗೆ (ಬ್ಯಾಟರಿಯ ಋಣ ತುದಿಗೆ) ಇನ್ನೊಂದು 0.1 ಮೈಕ್ರೋಫ್ಯಾರಡ್: ಇಷ್ಟಕ್ಕೆ ಇಪ್ಪತ್ತೈದರ ಆಸುಪಾಸು ಬೆಸುಗೆಗಳು. ಸಾಕೆಟ್ಟಿನ ಕಾಲುಗಳಲ್ಲಿಯೇ ಕೈ ಪಳಗುತ್ತದೆ. ಮುಕ್ಕಾಲು ಗಂಟೆಯೊಳಗೆ ಹೆಚ್ಚಿನವರ ಬೋರ್ಡಿನಿಂದ ನೂರು ಹರ್ಟ್ಸ್ ಆಸುಪಾಸಿನ ದಪ್ಪ ನಾದ ಹೊರಡುತ್ತದೆ. ಚಿಪ್ಪಿನ ತಯಾರಕರು ಬದಲಾದರೆ ಶ್ರುತಿಯೂ ಸಾಕಷ್ಟು ಬದಲಾಗುತ್ತದೆ. ಕೇಳಿಸಿಕೊಳ್ಳಲು ಮೇಜಿಗೊಂದರಂತೆ ಎಲ್‌ಎಂ386 ಆಂಪ್ಲಿಫೈಯರ್ ಚಿಪ್ಪಿನ ಪೆಟ್ಟಿಗೆಯನ್ನು ನಾನೇ ಕಟ್ಟಿ ತಂದಿರುತ್ತೇನೆ. ಅದರ ತಂತಿಯ ತುದಿಯನ್ನು ಯಾವ ಪಿನ್ನಿಗೆ ತಾಗಿಸಿದರೂ ಅಲ್ಲಿ ನಾದವಿದೆಯೋ ಇಲ್ಲವೋ ಎಂಬುದು ಕಿವಿಗೇ ತಿಳಿಯುವುದರಿಂದ ಮಲ್ಟಿಮೀಟರ್ ಹಿಡಿಯುವುದನ್ನು ಕಲಿಸುವ ಗೋಜಿಲ್ಲ.

ಉಳಿದ ಐದು ಇನ್‌ಪುಟ್‌ಗಳನ್ನು ಯಾವುದಕ್ಕೂ ಜೋಡಿಸದೆ ಗಾಳಿಯಲ್ಲಿ ಬಿಟ್ಟರೆ ಈ ಸಿಮಾಸ್ (CMOS) ಬಗೆಯ ಚಿಪ್ಪು ಹುಚ್ಚಾಟ ಆಡುತ್ತದೆ. ಅದಕ್ಕಾಗಿ ಆರೂ ಇನ್‌ಪುಟ್‌ಗಳಿಂದ ಗ್ರೌಂಡಿಗೆ ಜಂಪರ್ (ಕಿತ್ತು ಹಾಕಬಹುದಾದ ಪುಟ್ಟ ಕೊಂಡಿ) ಪಿನ್ನುಗಳ ಸಾಲೊಂದನ್ನು ಮೊದಲೇ ಬೆಸೆದು ತರುತ್ತೇನೆ. ಆಸಿಲೇಟರ್ ಒಂದೊಂದಾಗಿ ಸಿದ್ಧವಾದಂತೆ ಅದರ ಜಂಪರ್ ಕೀಳಬೇಕು, ಆಗ ನಾದ ಹೊರಡುತ್ತದೆ. ಮತ್ತೆ ಹಾಕಿದರೆ ನಿಲ್ಲುತ್ತದೆ. ಈ ಜಂಪರ್ ಜಾಗಕ್ಕೆ ಒತ್ತುಗುಂಡಿ ಜೋಡಿಸಿದರೆ ಅದೇ ಕೀಲಿಮಣೆಯಾಗುತ್ತದೆ ಎಂಬುದನ್ನು ತೋರಿಸಿಕೊಟ್ಟವರು ಕಲಿಯಲು ಬಂದವರೇ.

ಆಕ್ಷೇಪಗಳಿಗೆ ಬಂದರೆ, ಅಲುಗಾಟಕ್ಕೆ ನಾಲ್ಕು ಮೂಲೆಗೂ ಉದ್ದನೆಯ ಸ್ಟ್ಯಾಂಡ್‌ಆಫ್ ಕಾಲು ಸಾಕಾಯಿತು. ಚಿಪ್ಪು ಸುಡುವ ಭಯಕ್ಕೆ ಕಂಡುಕೊಂಡ ಉಪಾಯದ ಬಗ್ಗೆ ಮಾತ್ರ ನನಗೆ ಸ್ವಲ್ಪ ಹೆಮ್ಮೆಯೇ ಇದೆ: ಇಬ್ಬರಿಗೆ ಸೇರಿ ಒಂದೇ ಐರನ್, ಒಂದೇ ಬ್ಯಾಟರಿ. ಐರನ್ ಹಿಡಿದವರ ಕೈಯಲ್ಲಿ ಬ್ಯಾಟರಿ ಇರುವುದಿಲ್ಲ. ಬ್ಯಾಟರಿ ಪಡೆದವರು ಆ ಹೊತ್ತಿಗೆ ತಮ್ಮ ಬೋರ್ಡನ್ನು ಕೇಳುತ್ತಿರುತ್ತಾರೆ. ಎಚ್ಚರಿಕೆಯ ಮಾತು ಹೇಳಬೇಕಾಗಿಲ್ಲ, ಐರನ್ನಿಗೆ ಸರದಿ ನಿಲ್ಲಬೇಕಾಗಿಲ್ಲ, ಒಬ್ಬರಿಗೆ ಒಂದು ಐರನ್ ಎಂಬ ಲೆಕ್ಕದಲ್ಲಿ ಆಗುತ್ತಿದ್ದ ಬಂಡವಾಳ ಅರ್ಧಕ್ಕಿಳಿಯಿತು. ಸಮಯವೂ ಉಳಿಯಿತು, ಏಕೆಂದರೆ ದೋಷವಿದ್ದರೆ ಅದು ಕೊನೆಯ ಐದಾರು ಬೆಸುಗೆಗಳಲ್ಲಿಯೇ ಇರುತ್ತದೆ.

ಕಿಟ್ಟಿನಲ್ಲಿ ದುಡ್ಡು ತಿನ್ನುವುದು ಚಿಪ್ಪಲ್ಲ. ಪಾಟ್ (ತಿರುಗಿಸಿ ರೋಧ ಬದಲಿಸುವ ಗುಂಡಿ), ಸ್ಪೀಕರ್ ಮತ್ತು ಡಬ್ಬಿ. ಆರು ಪಾಟ್‌ಗಳ ಬದಲು ಎರಡು ಪಾಟ್, ನಾಲ್ಕು ಎಲ್‌ಡಿಆರ್ (ಬೆಳಕಿಗೆ ತಕ್ಕಂತೆ ರೋಧ ಬದಲಾಗುವ ರೆಸಿಸ್ಟರ್) ಹಾಕಿದ ಮೇಲೆ ಭಾಗಗಳ ಖರ್ಚು ಶುಲ್ಕದ ಅರ್ಧದಿಂದ ಮೂರನೇ ಒಂದು ಭಾಗಕ್ಕೆ ಬಂತು, ಅಂಗೈಯ ನೆರಳಿನಿಂದ ಶ್ರುತಿ ಏರಿಳಿಸುವ ಸುಖ ಪುಕ್ಕಟೆ. ಅಗ್ಗದ 9 ವೋಲ್ಟ್ ಬ್ಯಾಟರಿಗಳಿಂದ ಮಾತ್ರ ಉಳಿತಾಯವಾಗಲಿಲ್ಲ; ಆಂಪ್ಲಿಫೈಯರ್ ಸೇರಿದೊಡನೆ ವೋಲ್ಟೇಜ್ ಕುಸಿದು ಶ್ರುತಿ ನಡುಗುತ್ತಿತ್ತು. ಈಗ ಆರು ಎಎ ಸೆಲ್‌ಗಳ ಹೋಲ್ಡರ್ ಕೊಡುತ್ತೇನೆ, ಚಿಪ್ಪಿಗೆ ಹೋಗುವ ವಿದ್ಯುತ್ತನ್ನು 100 ಓಮ್ ಮತ್ತು 100 ಮೈಕ್ರೋಫ್ಯಾರಡ್‌ಗಳಿಂದ ಬೇರೆ ಮಾಡುತ್ತೇನೆ. ಆ ನಡುಕವೇ ಬೇಕೆಂದು ಹಠ ಹಿಡಿದವರೊಬ್ಬರಿದ್ದರು. ಅವರ ಬೋರ್ಡನ್ನು ಹಾಗೆಯೇ ಬಿಟ್ಟೆ.

ಅತಿ ಹೆಚ್ಚು ಹೈರಾಣಾಗಿಸಿದ್ದು ಒಬ್ಬ ಮಾರಾಟಗಾರರು ಕಳಿಸಿದ ಚಿಪ್ಪುಗಳು. ಪೊಟ್ಟಣದ ಮೇಲೆ 40106 ಎಂದಿತ್ತು. ಚಿಪ್ಪಿನ ಬೆನ್ನ ಮೇಲೆ ಮಸುಕಾದ ಅಕ್ಷರದಲ್ಲಿದ್ದುದು 4069. ಪಿನ್ನುಗಳು ಅವೇ, ಆದರೆ ಷ್ಮಿಟ್ ಗುಣವಿಲ್ಲದ್ದರಿಂದ ಔಟ್‌ಪುಟ್ ಬ್ಯಾಟರಿಯ ಅರ್ಧ ವೋಲ್ಟೇಜಿನಲ್ಲಿ ಹೋಗಿ ಕೂರುತ್ತದೆ, ಕರೆಂಟ್ ಹೀರುತ್ತದೆ, ನಾದ ಮಾತ್ರ ಇಲ್ಲ. ಬದಲಿಗೆ ಷ್ಮಿಟ್ ಗುಣವಿರುವ 74ಎಚ್‌ಸಿ14 ಹಾಕೋಣವೆಂದರೆ ಅದರ ಮಿತಿ 6 ವೋಲ್ಟ್, ನಮ್ಮ ಬೋರ್ಡಿನದು 9. ಅಂದಿನಿಂದ ಪ್ರತಿಯೊಂದು ಚಿಪ್ಪನ್ನೂ ಸಿದ್ಧ ಬೋರ್ಡಿನಲ್ಲಿ ಕೂಗಿಸಿ ನೋಡಿಯೇ ಪೊಟ್ಟಣ ಕಟ್ಟುತ್ತೇನೆ.

ನಡುವೆ ಪಕ್ಕದಾರಿಯ ಪ್ರಯೋಗಗಳೂ ನಡೆದವು. 6ಬಿ ಪೆನ್ಸಿಲ್ಲಿನಿಂದ ಕಾಗದದ ಮೇಲೆ ದಪ್ಪ ಗೆರೆ ಬಳಿದು ಪಿನ್ 1ರ ತಂತಿಯನ್ನು ಒಂದು ತುದಿಗೆ ಕ್ಲಿಪ್ ಮಾಡಿ, ಪಿನ್ 2ರ ತಂತಿಯನ್ನು ಗೆರೆಯ ಉದ್ದಕ್ಕೂ ಎಳೆದರೆ ಗಮಕದಂತೆ ಜಾರುವ ನಾದ ಬರುತ್ತದೆ. ಎಚ್‌ಬಿ ಪೆನ್ಸಿಲ್ ಪ್ರಯೋಜನಕ್ಕೆ ಬರಲಿಲ್ಲ, 6ಬಿಯ ಗೆರೆಯೂ ಬೇಗ ಸವೆಯುತ್ತದೆ. ಅದನ್ನು ಉಳಿಸಿಕೊಳ್ಳುವ ಬಗೆಯನ್ನು ಕಾರ್ಯಾಗಾರಕ್ಕೆ ಬಂದವರಿಗೆ ಮಾತ್ರ ತೋರಿಸುತ್ತೇನೆ. ಆರು ನಾದಗಳು ಒಂದನ್ನೊಂದು ಮುಚ್ಚದಂತೆ ಬೆರೆಸುವ ರೆಸಿಸ್ಟರ್‌ಗಳ ಓಮ್ ಮೌಲ್ಯಗಳನ್ನೂ ಇಲ್ಲಿ ಬರೆಯುವುದಿಲ್ಲ. 4040 ಎಂಬ ಎಣಿಕೆಯ ಚಿಪ್ಪು ಸೇರಿಸಿ ಪ್ರತಿ ಹಂತಕ್ಕೂ ಒಂದೊಂದು ಸ್ಥಾಯಿ ಕೆಳಗಿಳಿಸಿದ ಪ್ರಯೋಗವೂ ಚೆನ್ನಾಗಿತ್ತು. ಆದರೆ ಅದರ ರಿಸೆಟ್ ಪಿನ್ 11ನ್ನು ಗ್ರೌಂಡಿಗೆ ಕಟ್ಟುವುದನ್ನು ಹೊಸಬರು ಪದೇಪದೇ ಬಿಟ್ಟುಬಿಡುವುದರಿಂದ ಅದನ್ನು ಮೊದಲ ದಿನದ ಕಿಟ್ಟಿನಿಂದ ತೆಗೆದು, ಎರಡನೇ ಸಲ ಬರುವವರಿಗೆಂದು ಪ್ರತ್ಯೇಕ ಬೋರ್ಡು ಮಾಡಿಸಿದ್ದೇನೆ.