ನೀಲಿ ಬೈಸನ್ ಮುಂದೆ ಮಕ್ಕಳೊಂದಿಗೆ

ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಲ್ಲಿ ವಿಶ್ವವಿದ್ಯಾಲಯದ ‘ಮ್ಯೂಸಿಯಂ ಆಫ್ ದ ನಾರ್ತ್’ ಇದೆ. ಅಲ್ಲಿ ಶಾಲಾ ಮಕ್ಕಳನ್ನು ಸುತ್ತಾಡಿಸುವಾಗ ನಾನು ಹೆಚ್ಚು ಹೊತ್ತು ನಿಲ್ಲುವುದು ಗಾಜಿನ ಪೆಟ್ಟಿಗೆಯೊಳಗೆ ಮಲಗಿರುವ, ಹಿಮಯುಗದ ಬೈಸನ್ (ಕಾಡುಕೋಣದಂಥ ಪ್ರಾಣಿ) ‘ಬ್ಲೂ ಬೇಬ್’ ಎದುರು. ಅದು 50,000 ವರ್ಷಗಳಿಗೂ ಹಿಂದಿನದು. ಆದರೆ ಮಾತನ್ನು ವಯಸ್ಸಿನಿಂದ ಆರಂಭಿಸುವುದಿಲ್ಲ. ಐವತ್ತು ಸಾವಿರವೂ ಐದು ಲಕ್ಷವೂ ಆ ಮಕ್ಕಳಿಗೆ ಒಂದೇ. “ಇದು ಹೇಗೆ ಸತ್ತಿತು, ನೀವೇ ಹೇಳಿ” ಎನ್ನುತ್ತೇನೆ.

ಹಿಂಭಾಗದ ಚರ್ಮದ ಮೇಲೆ ಉಗುರಿನ ಗೀರುಗಳಿವೆ. ಯಾರಾದರೂ ತೋಳ ಎಂದೇ ಹೇಳುತ್ತಾರೆ. ತೋಳ ಬಾಯಿಂದ ಹಿಡಿಯುತ್ತದೆಯೇ ಹೊರತು ಉಗುರಿನಿಂದಲ್ಲ ಎಂದರೆ ಯೋಚನೆ ಬೆಕ್ಕಿನ ಜಾತಿಯತ್ತ ಹೊರಳುತ್ತದೆ. ಸಿಂಹ! ಅಲಾಸ್ಕಾದಲ್ಲಿ ಸಿಂಹವಿತ್ತೇ ಎಂದು ಅವರ ಕಣ್ಣು ಅರಳುವ ಆ ಗಳಿಗೆ ನನಗೆ ಬಲು ಇಷ್ಟ. ಹಿಮಯುಗದಲ್ಲಿ ಇತ್ತು. ಕುತ್ತಿಗೆಯ ಚರ್ಮದೊಳಗೆ ಸಿಂಹದ ಹಲ್ಲಿನ ಚೂರೂ ಸಿಕ್ಕಿತು. ಕೊಂದದ್ದು ಚಳಿಗಾಲದಲ್ಲಿ, ದೇಹ ಬೇಗ ಹೆಪ್ಪುಗಟ್ಟಿ ಗಟ್ಟಿಯಾಯಿತು, ಪ್ರಾಣಿಗಳಿಗೆ ಪೂರ್ತಿ ತಿನ್ನಲಾಗಲಿಲ್ಲ. ಹಾಗಾಗಿಯೇ ಇಂದಿಗೂ ನಮ್ಮ ಮುಂದಿದೆ.

“ನೀಲಿ ಬಣ್ಣ ಬಳಿದದ್ದೇ?” ಇದು ತಪ್ಪದ ಪ್ರಶ್ನೆ. ಪ್ರಾಣಿಯ ದೇಹದ ರಂಜಕ (ಫಾಸ್ಫರಸ್) ಮಣ್ಣಿನ ಕಬ್ಬಿಣದೊಡನೆ ಸೇರಿ ವಿವಿಯನೈಟ್ ಎಂಬ ಖನಿಜವಾಗುತ್ತದೆ. ಗಾಳಿ ತಗುಲಿದಾಗ ಅದು ನೀಲಿಯಾಗುತ್ತದೆ. 1979ರಲ್ಲಿ ಚಿನ್ನದ ಗಣಿಯವರು ನೀರಿನ ಧಾರೆಯಿಂದ ಹೆಪ್ಪುಗಟ್ಟಿದ ಮಣ್ಣನ್ನು ಕರಗಿಸುತ್ತಿದ್ದಾಗ ಇದು ಹೊರಬಂತು. ವಿಜ್ಞಾನಿ ಡೇಲ್ ಗಥ್ರಿ ಇದನ್ನು ಅಗೆದು ತೆಗೆದರು.

“ನಿಜವಾದದ್ದೇ?” ಎಂದಾಗ ಅರ್ಧ ಸತ್ಯ ಹೇಳಬಾರದು. ಚರ್ಮ ನಿಜವಾದದ್ದು, ಒಳಗಿನ ಆಕಾರ ಪ್ಲಾಸ್ಟರಿನದು. ಚರ್ಮವನ್ನು ಹದಗೊಳಿಸಿ ಅದರ ಮೇಲೆ ಹೊದಿಸಿದವರು ಐರಿಕ್ ಗ್ರಾನ್‌ಕ್ವಿಸ್ಟ್. ಕೆಲಸ ಮುಗಿದ ಸಂಭ್ರಮದಲ್ಲಿ, 1984ರಲ್ಲಿ, ಗಥ್ರಿ ಮತ್ತು ಗೆಳೆಯರು ಕುತ್ತಿಗೆಯ ಮಾಂಸದ ಒಂದು ತುಂಡನ್ನು ಬೇಯಿಸಿ ಉಂಡರು ಎಂದೊಡನೆ ಗುಂಪು ಕಿರುಚಿಕೊಳ್ಳುತ್ತದೆ. ದೊಡ್ಡವರೂ ಆಗ ಹತ್ತಿರ ಬಂದು ನಿಲ್ಲುತ್ತಾರೆ.

ಫೇರ್‌ಬ್ಯಾಂಕ್ಸ್ ಸುತ್ತಲಿನ ನೆಲ ಈಗ ಕರಗುತ್ತಿದೆ. ಹೊರಬಂದ ದೇಹ ಹೆಪ್ಪು ಬಿಟ್ಟೊಡನೆ ಕೊಳೆಯಲಾರಂಭಿಸುತ್ತದೆ. ಅದಕ್ಕಾಗಿ ಮಕ್ಕಳಿಗೆ ಇಷ್ಟು ಹೇಳಿ ಕಳಿಸುತ್ತೇನೆ: ನದಿಯ ದಂಡೆಯಲ್ಲಿ ಕೂದಲೋ ಎಲುಬೋ ಕಂಡರೆ ಕೀಳಬೇಡಿ, ಜಾಗದ ಫೋಟೊ ತೆಗೆಯಿರಿ, ಅದೇ ದಿನ ಮ್ಯೂಸಿಯಂಗೆ ತಿಳಿಸಿ.