ರೈಲ್ಸ್ ಟ್ಯೂಬ್ ಫೀಡ್: ಕೊಡುವ ಮುನ್ನ, ನಿಲ್ಲಿಸುವ ಮುನ್ನ

ಮೂಗಿನಿಂದ ಜಠರಕ್ಕೆ ಇಳಿಸಿ ದ್ರವ ಆಹಾರ (ಫೀಡ್) ಕೊಡುವ ರೈಲ್ಸ್ ಟ್ಯೂಬಿನ ತುದಿ ಎಲ್ಲಿದೆ ಎಂದು ಖಾತ್ರಿಯಾಗದೆ ಒಂದು ಹನಿ ನೀರೂ ಒಳಗೆ ಹೋಗಬಾರದು. ಐಸಿಯು ಫೀಡಿಂಗ್‌ನಲ್ಲಿ ಮಿಕ್ಕಿದ್ದೆಲ್ಲ ಇದಾದ ಮೇಲಿನ ಮಾತು.

ಮೂಗಿನ ತುದಿಯಿಂದ ಕಿವಿಯ ಹಾಲೆಗೆ, ಅಲ್ಲಿಂದ ಎದೆಮೂಳೆಯ ಕೆಳತುದಿಗೆ ಅಳೆದು ಟ್ಯೂಬಿನ ಮೇಲೆ ಗುರುತು ಹಾಕಿ. ಇದು ಅಂದಾಜು ಅಳತೆ ಮಾತ್ರ. ಟ್ಯೂಬ್ ಇಳಿಸಿದ ಮೇಲೆ ಗಾಳಿ ಬಿಟ್ಟು ಸ್ಟೆತ್‌ನಲ್ಲಿ ಗುಳುಗುಳು ಕೇಳುವ ರೂಢಿ ಇನ್ನೂ ಉಳಿದಿದೆ. ಅದನ್ನು ನಂಬಬೇಡಿ. ತುದಿ ಅನ್ನನಾಳದಲ್ಲಿದ್ದರೂ ಶ್ವಾಸಕೋಶದಲ್ಲಿದ್ದರೂ ಆ ಸದ್ದು ಹೊಟ್ಟೆಯ ಮೇಲೆ ಕೇಳಿಸಬಹುದು. ಸೆಡೇಶನ್‌ನಲ್ಲಿರುವ (ಮಂಪರಿನ ಔಷಧ ಕೊಟ್ಟಿರುವ) ರೋಗಿ ಕೆಮ್ಮಿ ಎಚ್ಚರಿಸುವುದೂ ಇಲ್ಲ. ಮೊದಲ ಫೀಡಿಗೆ ಮುಂಚೆ ಎಕ್ಸ್-ರೇ ಆಗಲಿ, ಡಾಕ್ಟರು ನೋಡಿ ಕೇಸ್ ಶೀಟಿನಲ್ಲಿ ಬರೆಯಲಿ. ಆಸ್ಪಿರೇಟ್‌ನ (ಟ್ಯೂಬಿನಿಂದ ಸಿರಿಂಜಿನಲ್ಲಿ ಎಳೆದ ದ್ರವದ) ಪಿಎಚ್ 5.5 ಅಥವಾ ಕಡಿಮೆ ಇದ್ದರೆ ತುದಿ ಜಠರದಲ್ಲಿದೆ ಎನ್ನಬಹುದು, ಆದರೆ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ನಡೆಯುತ್ತಿದ್ದರೆ ಪಿಎಚ್ ಏರಿರುತ್ತದೆ. ಮೂಗಿನ ಹೊಳ್ಳೆಯ ಬಳಿ ಎಷ್ಟು ಸೆಂ.ಮೀ. ಎಂದು ಚಾರ್ಟ್‌ನಲ್ಲಿ ಬರೆದಿಡಿ. ಪ್ರತಿ ಫೀಡಿಗೆ ಮುಂಚೆ, ಪ್ರತಿ ಶಿಫ್ಟಿಗೆ, ವಾಂತಿಯಾದಾಗ, ಸಿ.ಟಿ.ಗೆ ಕರೆದೊಯ್ದು ತಂದಾಗ ಆ ಅಂಕಿಯನ್ನು ಮತ್ತೆ ನೋಡಿ.

ತಲೆಭಾಗ 30ರಿಂದ 45 ಡಿಗ್ರಿ ಎತ್ತರ ಇರಬೇಕೆಂದು ಪರೀಕ್ಷೆಯಲ್ಲಿ ಎಲ್ಲರೂ ಸರಿಯಾಗಿಯೇ ಬರೆಯುತ್ತಾರೆ. ವಾರ್ಡಿನಲ್ಲಿ ಮಂಚ ಎದ್ದಿರುತ್ತದೆ, ರೋಗಿ ಮಾತ್ರ ಕೆಳಕ್ಕೆ ಜಾರಿ ಹೊಟ್ಟೆಯ ಬಳಿ ಮಡಚಿಕೊಂಡಿರುತ್ತಾನೆ. ಮೇಲಕ್ಕೆಳೆದು ಮಲಗಿಸಿ. ಸ್ಪಾಂಜ್ ಬಾತ್‌ಗೆ ಚಪ್ಪಟೆ ಮಲಗಿಸುವಾಗ ಫೀಡ್ ಪಂಪ್ ನಿಲ್ಲಿಸಿ, ಮುಗಿದ ಮೇಲೆ ಮತ್ತೆ ಆನ್ ಮಾಡಲು ಮರೆಯಬೇಡಿ. ಬೆನ್ನುಹುರಿ ಪೆಟ್ಟಿನ ರೋಗಿಯ ಭಂಗಿಯನ್ನು ಡಾಕ್ಟರನ್ನು ಕೇಳಿಯೇ ಬದಲಿಸಬೇಕು.

ಶಾಕ್ (ರಕ್ತಸಂಚಾರದ ಕುಸಿತ) ಹತೋಟಿಗೆ ಬಂದಿದ್ದರೆ, ಐಸಿಯುಗೆ ಸೇರಿದ 24ರಿಂದ 48 ಗಂಟೆಯೊಳಗೆ ಫೀಡ್ ಶುರುವಾಗಬೇಕು. ಕರುಳಿನ ಸದ್ದಿಗಾಗಿ ಕಾಯಬೇಕಿಲ್ಲ. ಗಂಟೆಗೆ 20 ಮಿ.ಲೀ.ಯಿಂದ ಆರಂಭಿಸಿ, ತಾಳಿಕೊಂಡರೆ 4–6 ಗಂಟೆಗೊಮ್ಮೆ 20 ಮಿ.ಲೀ. ಏರಿಸುವುದು ಸಾಮಾನ್ಯ ಕ್ರಮ. ಬಹಳ ದಿನ ಉಪವಾಸವಿದ್ದವರಲ್ಲಿ, ಕುಡಿತದ ಚಟವಿದ್ದವರಲ್ಲಿ ಇನ್ನೂ ನಿಧಾನ ಬೇಕು: ಫೀಡ್ ಶುರುವಾದಾಗ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ದಿಢೀರನೆ ಕುಸಿಯುತ್ತವೆ.

ಹೆಚ್ಚು ತಪ್ಪು ನಡೆಯುವುದು ಆಸ್ಪಿರೇಟ್ ವಿಷಯದಲ್ಲಿ. ಜಠರದಲ್ಲಿ ಉಳಿದದ್ದನ್ನು ಎಳೆದು ನೋಡಿದಾಗ 200 ಮಿ.ಲೀ. ಬಂತೆಂದು ಫೀಡ್ ನಿಲ್ಲಿಸಿ, ಮುಂದಿನ ಶಿಫ್ಟಿನವರೂ ಹಾಗೆಯೇ ಬಿಟ್ಟರೆ ರೋಗಿಗೆ ದಿನವಿಡೀ ಹಸಿವು. ಅಮೆರಿಕದ ಆಸ್ಪೆನ್ (ಪೋಷಣೆ) ಮತ್ತು ಎಸ್‌ಸಿಸಿಎಂ (ತೀವ್ರ ನಿಗಾ ಚಿಕಿತ್ಸೆ) ಸಂಸ್ಥೆಗಳ 2016ರ ಮಾರ್ಗಸೂಚಿ ಆಸ್ಪಿರೇಟನ್ನು ವಾಡಿಕೆಯಾಗಿ ಅಳೆಯುವುದೇ ಬೇಡ ಎನ್ನುತ್ತದೆ. ಅಳೆಯುವ ಐಸಿಯುಗಳಲ್ಲಿ 500 ಮಿ.ಲೀ.ಗಿಂತ ಕಡಿಮೆಯಿದ್ದು, ವಾಂತಿ, ಹೊಟ್ಟೆಯುಬ್ಬರದಂಥ ಲಕ್ಷಣ ಇಲ್ಲದಿದ್ದರೆ ನಿಲ್ಲಿಸಬಾರದು. ಭೇದಿಯಾದರೂ ಅಷ್ಟೇ. ಫೀಡನ್ನು ದೂರುವ ಮುಂಚೆ ಭೇದಿ ತರಬಲ್ಲ ಸಾರ್ಬಿಟಾಲ್ (ಒಂದು ಸಿಹಿಕಾರಕ) ಇರುವ ಸಿರಪ್, ಆಂಟಿಬಯೋಟಿಕ್ ಯಾವುದಿದೆ ನೋಡಿ.

ಫೀಡಿನ ಹಿಂದೆ ಮುಂದೆ, ನಿರಂತರ ಫೀಡಾದರೆ 4 ಗಂಟೆಗೊಮ್ಮೆ, 30 ಮಿ.ಲೀ. ನೀರು ಹಾಯಿಸಿ, ನೀರಿನ ಮಿತಿಯಿರುವ ರೋಗಿಗೆ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಾತ್ರೆಗಳನ್ನು ಒಂದೊಂದಾಗಿ ನುಣ್ಣಗೆ ಪುಡಿಮಾಡಿ ಬೇರೆ ಬೇರೆಯಾಗಿ ಕೊಡಿ, ನಡುವೆ 15 ಮಿ.ಲೀ. ನೀರು. ಎಸ್‌ಆರ್ (ನಿಧಾನವಾಗಿ ಔಷಧ ಬಿಡುವ), ಎಂಟೆರಿಕ್ ಕೋಟೆಡ್ (ಜಠರದಲ್ಲಿ ಕರಗದ ಲೇಪವಿರುವ) ಮಾತ್ರೆ ಪುಡಿಮಾಡಲೇಬೇಡಿ, ಬದಲಿ ಔಷಧ ಕೇಳಿ. ಟ್ಯೂಬ್ ಕಟ್ಟಿಕೊಂಡರೆ 50 ಮಿ.ಲೀ. ಸಿರಿಂಜಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಮೆಲ್ಲಗೆ ಒತ್ತಿ, ಎಳೆಯಿರಿ. ಚಿಕ್ಕ ಸಿರಿಂಜಿನ ಒತ್ತಡಕ್ಕೆ ಟ್ಯೂಬೇ ಸೀಳಬಹುದು. ಪೌಡರ್ ಕಲಸಿದ ಫೀಡನ್ನು 4 ಗಂಟೆಗಿಂತ ಹೆಚ್ಚು ನೇತುಹಾಕಬೇಡಿ. ಉಳಿದದ್ದಕ್ಕೆ ಹೊಸದನ್ನು ಬೆರೆಸದೆ ಚೆಲ್ಲಿಬಿಡಿ.